ಹೀರೋಗೆ ಹಳದಿ ಟ್ಯಾಗ್

ಅಂಬರೀಶ ಬರೆದ ಸಿನಿಮಾ ಕತೆಗೆ ಹಳದಿ ಟ್ಯಾಗ್ ಬಿದ್ದದ್ದೇ ಆವತ್ತಿನ ರಾಮಾಯಣಕ್ಕೆಲ್ಲ ಕಾರಣ.

ಪೀಣ್ಯದ ಪಂಪು ಕಾರ್ಖಾನೆಯೊಂದರಲ್ಲಿ ಅವನು ಸ್ಟೋರ್ಸ್ ಗುಮಾಸ್ತ. ಅಲ್ಲಿ ಮಾಲಿಗೆ ಹಸಿರು ಟ್ಯಾಗ್ ಕಟ್ಟಿದರೆ ಪಾಸು, ಹಳದಿ ಕಟ್ಟಿದರೆ ತಿದ್ದಿ ತರಬೇಕು, ಕೆಂಪು ಕಟ್ಟಿದರೆ ಸೀದಾ ಗುಜರಿ. ಟ್ಯಾಗ್ ಬರೆಯುವವಳು ಇನ್‌ಸ್ಪೆಕ್ಷನ್ ಟೇಬಲ್ಲಿನ ಬಿಂದುಶ್ರೀ. ಅವಳೆಂದರೆ ಅಂಬರೀಶನಿಗೆ ಪ್ರಾಣ, ಆದರೆ ಹೇಳಲು ಬಾಯಿಲ್ಲ. ಹಿಂದೆ ಅವನು ಪ್ರೀತಿಸಿದ ಇಬ್ಬರೂ, “ನನ್ ಮೇಲೆ ಕೋಪಾನಾ?” ಎಂದು ದಿನಕ್ಕೆ ಹತ್ತು ಸಲ ಕೇಳಿಸಿಕೊಂಡು ಸುಸ್ತಾಗಿ ಬಿಟ್ಟುಹೋಗಿದ್ದರು. ಅದನ್ನೆಲ್ಲ ಸೇರಿಸಿ ನಗೆ ತುಂಬಿದ ಪ್ರೇಮಕತೆ ಬರೆದಿದ್ದ. ಕೊನೆಯಲ್ಲಿ ಹೀರೋ ಮೂರನೆಯವಳ ಮುಂದೆ ಏನೂ ಹೇಳಲಾಗದೆ ತಡವರಿಸುತ್ತ ನಿಂತುಬಿಡುತ್ತಾನೆ. ಆ ಹೀರೋ ಯಾರೆಂದು ಬಿಂದುಶ್ರೀಗೆ ಗೊತ್ತಾಗದೆ ಇರುತ್ತದೆಯೇ? ಬೆಳಿಗ್ಗೆಯೇ ಕತೆಯ ಪುಸ್ತಕವನ್ನು ಅವಳ ಕೈಗೆ ತುರುಕಿ ಓಡಿಬಂದಿದ್ದ.

ಹನ್ನೊಂದು ಗಂಟೆಗೆ ಲೇತ್ ಮಷೀನಿನ ಭರಮಪ್ಪ ಪುಸ್ತಕ ವಾಪಸು ತಂದ. ಅದಕ್ಕೆ ಹಳದಿ ಟ್ಯಾಗ್ ನೇತಾಡುತ್ತಿತ್ತು. ‘ಒಳಗೆ ಗಾಳಿ ಇದೆ. ತುದಿ ಒರಟು. ಸರಿ ಮಾಡಿ ತನ್ನಿ.’

ಅಂಬರೀಶ ಟ್ಯಾಗನ್ನು ಎರಡೆರಡು ಸಲ ಓದಿದ. “ಇದು ಕತೇಗಾ, ನನಗಾ?” ಎಂದ.

“ಎರಡಕ್ಕೂ ಇರಬೇಕ್ರಿ ಸರ. ತುದಿ ಅಂದ್ರ ನಿಮ್ಮ ಕೂದಲಾ ನೋಡ್ರಿ, ಹಕ್ಕಿ ಗೂಡು ಕಟ್ಟಿದಂಗ ಐತಿ,” ಎಂದ ಭರಮಪ್ಪ.

ಕ್ಯಾಂಟೀನಿನ ಮುನಿಯಕ್ಕನೂ ಟ್ಯಾಗ್ ಓದಿಸಿಕೊಂಡು ಕೇಳಿದಳು. “ಒಟ್ಟೆಗೇನೂ ಆಕದೆ ಬರೀ ಟೀ ಕುಡುದ್ರೆ ಗಾಳಿ ತುಂಬ್ದೆ ಇನ್ನೇನಪ್ಪ ತುಂಬ್ತದೆ? ಇಂಗೆ ಬಾ, ಕುಂತ್ಕೊ,” ಎಂದು ಎರಡು ಮುದ್ದೆ ಬಡಿಸಿ, ಮುಗಿಯುವ ತನಕ ಅಲ್ಲೇ ಕಾವಲು ನಿಂತಳು.

ಊಟವಾದ ಮೇಲೆ ಗೇಟಿನ ಆಚೆಯ ಕಟಿಂಗ್ ಶಾಪಿನಲ್ಲಿ ಕೂತ ಅಂಬರೀಶನಿಗೆ ಮುದ್ದೆಯ ಮಹಿಮೆಯಿಂದ ಜೊಂಪು ಹತ್ತಿತು. ಎಚ್ಚರವಾಗುವಷ್ಟರಲ್ಲಿ ತಲೆ ಸುಲಿದ ತೆಂಗಿನಕಾಯಿಯಾಗಿತ್ತು. ಇರಲಿ, ಪ್ರೀತಿಗೆ ಇಷ್ಟೂ ಮಾಡದಿದ್ದರೆ ಹೇಗೆ ಎಂದುಕೊಂಡ. ಮಧ್ಯಾಹ್ನವಿಡೀ ಕೂತು ಕತೆಯ ಕೊನೆಯನ್ನು ಹರಿದು ಹೊಸದಾಗಿ ಬರೆದ. ಈಗ ಹೀರೋ ಊರಿಗೆಲ್ಲ ಕೇಳುವಂತೆ ಪ್ರೀತಿ ಸಾರುತ್ತಾನೆ.

“ಬರದ್ರ ಸಾಲದ್ರಿ ಸರ, ಮಾಡಿ ತೋರಸ್ರಿ,” ಎಂದು ಭರಮಪ್ಪ ಬೆನ್ನು ತಟ್ಟಿದ.

ಐದೂವರೆಗೆ ಶಿಫ್ಟ್ ಬಿಟ್ಟಿತು. ಗೇಟಿನ ಬಳಿ ಬಿಂದುಶ್ರೀ ಯಾರಿಗೋ ಕಾಯುತ್ತ ನಿಂತಿದ್ದಳು. ಅಂಬರೀಶ ಕಣ್ಣು ಮುಚ್ಚಿಕೊಂಡು, “ಬಿಂದುಶ್ರೀ, ನಾನು ನಿಮ್ಮನ್ನ ಪ್ರೀತಿಸ್ತೀನಿ. ಹೀರೋ ನಾನೇ,” ಎಂದು ಕೂಗಿದ. ಹೊರಟಿದ್ದ ನೂರೈವತ್ತು ಜನ ಗಕ್ಕನೆ ನಿಂತರು. ಯಾರೋ ಶಿಳ್ಳೆಯನ್ನೂ ಹೊಡೆದರು.

ಬಿಂದುಶ್ರೀ ಅವನ ತಲೆ ನೋಡಿದಳು. “ಏನ್ರೀ ಇದೆಲ್ಲ?”

“ನೀವೇ ಬರೆದಿದ್ರಲ್ಲ, ಸರಿ ಮಾಡಿ ತನ್ನಿ ಅಂತ.” ಅವನು ಟ್ಯಾಗ್ ತೋರಿಸಿದ.

“ಇದು ಪಂಪಿನ ಎರಕದ ಕವಚಕ್ಕೆ ಬರೆದಿದ್ದು, ಅದರೊಳಗೆ ಗಾಳಿಗುಳ್ಳೆ ಇತ್ತು. ನಿಮ್ಮ ಕತೆಗೆ ಹಸಿರು ಕೊಟ್ಟಿದ್ದೆ.”

ಎಲ್ಲರೂ ಭರಮಪ್ಪನ ಕಡೆ ತಿರುಗಿದರು. “ಎರಡೂ ಟ್ಯಾಗ್ ಒಟ್ಟಿಗೇ ಕೊಟ್ಟಿದ್ರಿ ಮೇಡಂ. ಕಟ್ಟೋವಾಗ ಅದಲು ಬದಲು ಆಗಿರಬೇಕ್ರಿ,” ಎಂದು ಅವನು ಟೋಪಿ ಸರಿಮಾಡಿಕೊಂಡ.

“ಹಸಿರು ಅಂದ್ರೆ... ಹೀರೋಗೂನಾ?” ಎಂದ ಅಂಬರೀಶ.

“ಹೀರೋಗೇ ಕಣ್ರೀ. ಕೆದರಿದ ಕೂದ್ಲು, ಮಾತಾಡೋಕೆ ಬರಲ್ಲ, ಪಾಪ ಅನ್ನಿಸ್ತು. ಅವ್ನು ಹೇಳಲ್ಲ, ನಾನೇ ಹೇಳಿಬಿಡೋಣ ಅಂತ ಇಲ್ಲಿ ಕಾಯ್ತಿದ್ದೆ.” ಅವಳು ಬ್ಯಾಗ್ ಹೆಗಲಿಗೇರಿಸಿದಳು. “ಇಂಥಾ ತಲೆ ಮಾಡಿಸ್ಕೊಂಡು ಬೀದೀಲಿ ಕೂಗೋರು ನಮ್ಮ ಏರಿಯಾದಲ್ಲೇ ಬೇಕಾದಷ್ಟಿದ್ದಾರೆ. ಬರ್ತೀನಿ.”

ಅವಳು ಹತ್ತಿದ ಬಸ್ಸು ಹೊರಟಿತು. ಅಂಬರೀಶ ಬೋಳುತಲೆ ಸವರಿಕೊಳ್ಳುತ್ತ ನಿಂತ. ಭರಮಪ್ಪ ಪಕ್ಕಕ್ಕೆ ಬಂದು ನಿಟ್ಟುಸಿರುಬಿಟ್ಟ.

“ತಪ್ಪು ನಿಮ್ಮದೂ ಐತ್ರಿ ಸರ. ಪಾಸ್ ಆದ ಮಾಲಿಗೆ ಮತ್ತ ಟೂಲ್ ಹಚ್ಚಿದ್ರ ಸೈಜ್ ಉಳೀತೈತೇನ್ರಿ?”