ಒಣ ವೈನ್ ಉಪಸಮಿತಿಯ ನಡಾವಳಿ

ಮೊಮ್ಮಗಳ ಪದವಿ ಸಂತೋಷಕೂಟಕ್ಕೆ ವೈನ್ ಆರಿಸಲು ನೇಮಕವಾದ ಉಪಸಮಿತಿಯು ಒಂಬತ್ತು ದಿನಗಳಲ್ಲಿ ಐದು ಬಾರಿ ಸೇರಿತು. ಐದೂ ಸಲ ಹಾಜರಾತಿ ಪೂರ್ಣವಾಗಿತ್ತು. ಆ ಮನೆಯ ಬೇರಾವ ಸಮಿತಿಗೂ, ಛಾವಣಿ ಸೋರಿಕೆ ಸಮಿತಿಗೂ ಸಹ, ಈ ಭಾಗ್ಯ ಒದಗಿರಲಿಲ್ಲ.

ಸಮಿತಿಯ ಅಧ್ಯಕ್ಷೆ ಅಜ್ಜಿ, ಕಾರ್ಯದರ್ಶಿಯೂ ಅವರೇ. ಆ ಮನೆತನದಲ್ಲಿ ಮೊದಲು ಪದವಿ ಪಡೆದವರು ಅವರು. ಪದವಿಪತ್ರ ನಡುಮನೆಯ ಗೋಡೆಯಲ್ಲಿ, ಗಡಿಯಾರಕ್ಕಿಂತ ಒಂದು ಗೇಣು ಮೇಲಿದೆ. ನಲವತ್ತೊಂದು ವರ್ಷದಿಂದ ಮನೆಯ ನಡಾವಳಿ ಪುಸ್ತಕವನ್ನು ಅವರೇ ಬರೆಯುತ್ತಾರೆ. ಅದರಲ್ಲಿ ಒಂದೇ ಒಂದು ಚಿತ್ತಿಲ್ಲ. ಒಮ್ಮೆ ಅಳಿಯನ ಹುಟ್ಟಿದ ದಿನ ತಪ್ಪಾಗಿ ಬಿದ್ದಾಗಲೂ ಅವರು ಹೊಡೆದುಹಾಕಲಿಲ್ಲ. ಅಂದಿನಿಂದ ಅಳಿಯ ಆ ದಿನವೇ ಹುಟ್ಟಿದ್ದಾನೆ.

ಸದಸ್ಯರು ಇಬ್ಬರು. ಒಬ್ಬ ಆ ಅಳಿಯನೇ, ಮೊಮ್ಮಗಳ ಅಪ್ಪ, ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತನಾದವನು. ಇನ್ನೊಬ್ಬಳು ಅಜ್ಜಿಯ ನಾದಿನಿ, ಮಾಜಿ ಹೆಡ್‌ಮಿಸ್. ಯಾವುದನ್ನೂ ಒಂದೇ ಸಲಕ್ಕೆ ಒಪ್ಪಿದವಳಲ್ಲ.

ಮೊದಲ ಸಭೆಗೆ ವೈನ್ ಅಂಗಡಿಯವನು ಹನ್ನೆರಡು ಬಾಟಲಿ ತಂದು ಊಟದ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ.

"ಈ ಆರು ಸಿಹಿ. ಆ ಆರು ಡ್ರೈ. ಬೇಕಾದ್ದು ಇಟ್ಕೊಳ್ಳಿ, ಬೇಡದ್ದು ವಾಪಸ್ ಕೊಡಿ."

"ಡ್ರೈ ಅಂದ್ರೆ?" ಅಜ್ಜಿ ಪೆನ್ನಿನ ಮುಚ್ಚಳ ತೆಗೆದರು.

"ಒಣ ಅಂತ, ಅಮ್ಮ. ಸಿಹಿ ಇರಲ್ಲ."

"ಒಣಗಿದ್ದಕ್ಕೆ ಕಿಲೋ, ಹಸಿ ಇರೋದಕ್ಕೆ ಲೀಟರು," ಅಂದ ಅಳಿಯ. "ಎರಡೂ ಆಗಿರೋದು ಸಿಕ್ಕಿದ್ರೆ ನಾವು ಜಪ್ತಿ ಮಾಡ್ತಿದ್ವಿ."

"ಕುಡಿದು ನೋಡಿ ಸಾರ್, ಗೊತ್ತಾಗುತ್ತೆ."

ಕುಡಿದು ನೋಡಲಾಯಿತು.

ಎರಡನೆಯ ಸಭೆಯ ಮೊದಲ ವಿಷಯ, ನಿಯಮದಂತೆ, ಹಿಂದಿನ ಸಭೆಯ ನಡಾವಳಿಯ ದೃಢೀಕರಣ. ಅಜ್ಜಿ ಓದತೊಡಗಿದರು. ನಾದಿನಿ ಕೈ ಎತ್ತಿದಳು.

"ಕ್ರಿಯಾಲೋಪ, ಅತ್ತಿಗೆ. ಹಿಂದಿನ ಸಭೇಲಿ ನಡೆದಿದ್ದು ರುಚಿ. ರುಚೀನ ಕಿವೀಲಿ ಕೇಳಿ ದೃಢೀಕರಿಸೋದು ಹೇಗೆ?"

ಆಕ್ಷೇಪಣೆಯಲ್ಲಿ ಹುರುಳಿತ್ತು. ಮತ್ತೆ ರುಚಿ ನೋಡಲಾಯಿತು. ಮೂರನೆಯ ಸಭೆಗೆ ಎರಡು ಸಭೆಗಳ ದೃಢೀಕರಣ ಬಾಕಿ ಇತ್ತು, ನಾಲ್ಕನೆಯದಕ್ಕೆ ಮೂರರದು. ತೆರೆದ ಬಾಟಲಿ ಹಾಗೇ ಉಳಿದರೆ ದಾಖಲೆ ಕೆಡುವ ಸಂಭವವಿರುವುದರಿಂದ ಅದನ್ನು ಅದೇ ಸಭೆಯಲ್ಲಿ ವಿಲೇವಾರಿ ಮಾಡತಕ್ಕದ್ದೆಂದು ಅಳಿಯ ಒಂದು ನಿಯಮ ಸೂಚಿಸಿದ. ನಾದಿನಿ, ತನ್ನ ಜೀವಮಾನದಲ್ಲಿ ಮೊದಲ ಬಾರಿಗೆ, ತಕ್ಷಣ ಅನುಮೋದಿಸಿದಳು. ಅಜ್ಜಿ ಪ್ರತಿ ಸಲವೂ ಒಂದು ಅಧ್ಯಕ್ಷೀಯ ಚಮಚ ಸ್ವೀಕರಿಸಿ, ಬರೆಯಲು ಕೋಣೆಗೆ ಹೋಗುತ್ತಿದ್ದರು. ವಿಲೇವಾರಿ ಅವರ ಹಿಂದೆ ನಡೆಯುತ್ತಿತ್ತು.

ಐದನೆಯ ಸಭೆ ಠರಾವು ಮಾಡಿತು: "ಸಂತೋಷಕೂಟದ ಅತಿಥಿಗಳಿಗೆ ಒಣ ವೈನನ್ನು ಮಾತ್ರ ನೀಡತಕ್ಕದ್ದು." ಮೂವರೂ ಸಹಿ ಹಾಕಿದರು. ಅಳಿಯನ ಸಹಿ ಎರಡು ಸಾಲು ಮೇಲಕ್ಕೆ ಹತ್ತಿ ಠರಾವಿನ ಪಕ್ಕದಲ್ಲೇ ಮಲಗಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಕಾನೂನು ಪದವೀಧರೆಯಾದ ಮೊಮ್ಮಗಳು ಬಾಟಲಿ ಎತ್ತಿದಳು. ಹೂವಿನಷ್ಟು ಹಗುರ. ಹನ್ನೆರಡೂ ಹಾಗೆಯೇ ಇದ್ದವು. ಅಂಗಡಿಗೆ ಅಂದು ರಜೆ. ಕಾಲೇಜಿನ ಪ್ರಿನ್ಸಿಪಾಲರು ಸೇರಿ ಮೂವತ್ತು ಮಂದಿ ಹನ್ನೊಂದಕ್ಕೆ ಬರುವವರಿದ್ದರು.

"ಅಪ್ಪಾ, ಇದೇನು?"

"ದೃಢೀಕರಣ ಕಣಮ್ಮ," ಅಂದ ಅಳಿಯ, ಚಪ್ಪಲಿ ನೋಡುತ್ತ. ಆಮೇಲೆ ಅತ್ತೆಯ ಕಡೆ ತಿರುಗಿದ. "ಆ ಒಂದು ಸಾಲು ಹೊಡೆದುಹಾಕಿಬಿಡಿ ಅತ್ತೆ. ನಿಂಬೆ ಶರಬತ್ತು ಅಂತ ಬರೆಯೋಣ."

ಅಜ್ಜಿ ಕುರ್ಚಿಯಲ್ಲಿ ಕುಳಿತು ಪುಸ್ತಕ ತೆರೆದರು. ನಲವತ್ತೊಂದು ವರ್ಷ. ಪೆನ್ನಿನ ತುದಿ ಠರಾವಿನ ಮೇಲೆ ಬಂದು ನಿಂತಿತು. ಗಂಡ ತೀರಿಕೊಂಡ ದಿನದ ನಡಾವಳಿಯನ್ನೂ ಈ ಕೈ ಚಿತ್ತಿಲ್ಲದೆ ಬರೆದಿತ್ತು.

"ಅಜ್ಜಿ, ಪೆನ್ನು ಎತ್ತಿ," ಅಂದಳು ಮೊಮ್ಮಗಳು. ಪಕ್ಕದಲ್ಲಿ ಮಂಡಿಯೂರಿ ಠರಾವನ್ನು ಎರಡು ಸಲ ಓದಿದಳು. "ಇಲ್ಲಿ ಏನಿದೆ? ಒಣ ವೈನ್. ಬಾಟಲೀಲಿ ಒಂದು ಹನಿ ಇದೆಯಾ?"

"ಇಲ್ಲ."

"ಅಂದ್ಮೇಲೆ ಇದಕ್ಕಿಂತ ಒಣ ಯಾವುದಿದೆ? ಠರಾವು ಅಕ್ಷರಶಃ ಜಾರಿಯಾಗಿದೆ. ಸಿಹಿ ಬಾಟಲೀನೂ ಒಣಗಿರೋದರಿಂದ ವಾಪಸ್ ಕೊಡೋ ಪ್ರಶ್ನೆನೂ ಇಲ್ಲ."

ಅದು ಅವಳ ಮೊದಲ ಮೊಕದ್ದಮೆ. ಅಜ್ಜಿ ಪೆನ್ನಿನ ಮುಚ್ಚಳ ಹಾಕಿದರು.

ಹನ್ನೊಂದಕ್ಕೆ ಅತಿಥಿಗಳು ಬಂದರು. ನಾದಿನಿ ತೊಳೆದ ಗ್ಲಾಸುಗಳಿಗೆ ಬಾಟಲಿ ಬಗ್ಗಿಸಿ, ಸಾಕಷ್ಟು ಹೊತ್ತು ಕಾದು, ನೆಟ್ಟಗೆ ಮಾಡಿದಳು. ಪ್ರಿನ್ಸಿಪಾಲರು ಗ್ಲಾಸನ್ನು ಬೆಳಕಿಗೆ ಹಿಡಿದರು, ಮೂಗಿಗೆ ಹಿಡಿದರು, ಒಂದು ಗುಟುಕು ಎಳೆದರು.

"ಬಹಳ ಡ್ರೈ," ಅಂದರು ಅವರು. "ಗಂಟಲಲ್ಲಿ ಒಂಚೂರೂ ನಿಲ್ಲಲ್ಲ."

ಪ್ರಿನ್ಸಿಪಾಲರಿಗೇ ಗೊತ್ತಾದದ್ದು ತಮಗೆ ಗೊತ್ತಾಗಲಿಲ್ಲ ಅನ್ನಲು ಯಾರಿಗೆ ಮನಸ್ಸು ಬರುತ್ತದೆ? ಇಬ್ಬರು ಎರಡನೇ ಗ್ಲಾಸು ಕೇಳಿದರು. ಒಬ್ಬರು, ವಾಹನ ಓಡಿಸಬೇಕು, ಅರ್ಧ ಸಾಕು ಎಂದರು. ಅವರಿಗೆ ಅರ್ಧವೇ ಹಾಕಲಾಯಿತು.

ಹೊರಡುವಾಗ ಪ್ರಿನ್ಸಿಪಾಲರು, ಅತಿಥಿಯಾಗಿ ಬಂದಿದ್ದ ಅಂಗಡಿಯವನನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡರು. "ಘಟಿಕೋತ್ಸವಕ್ಕೆ ಇದೇ ಬೇಕು. ಐನೂರು ಬಾಟಲಿ."

ಅಂಗಡಿಯವನು ಮೇಜಿನ ಮೇಲಿದ್ದ ಬಾಟಲಿಗಳನ್ನು ನೋಡಿದ, ಅಜ್ಜಿಯ ಮುಖ ನೋಡಿದ.

"ಕೊಡೋಣ ಸಾರ್. ಆದ್ರೆ ಇಷ್ಟು ಒಣಗಿಸೋಕೆ ಟೈಮ್ ಹಿಡಿಯುತ್ತೆ. ಜನ ಬೇಕಾಗ್ತಾರೆ."

ಅಳಿಯ ಕೈ ಎತ್ತಿದ. ನಾದಿನಿ ಎರಡೂ ಕೈ ಎತ್ತಿದಳು. ಅಜ್ಜಿ ಹೊಸ ಪುಟ ತೆರೆದು, ಪರವಾಗಿ ಮೂರು ಕೈ, ವಿರೋಧ ಯಾರದೂ ಇಲ್ಲ ಎಂದು, ಚಿತ್ತಿಲ್ಲದೆ ಬರೆದುಕೊಂಡರು.