ರೋಮ್‌ನಿಂದ ಲಂಡನ್‌ಗೆ ನಾನು ಹಾಕಿದ ಲೆಕ್ಕ

ಮದುವೆಯಾದ ಮೂರನೆಯ ವಾರಕ್ಕೇ ನಾನು ಅಮೆರಿಕಕ್ಕೆ ವಾಪಸ್ಸು ಬಂದಿದ್ದೆ. ಹೆಂಡತಿ ಸುಮಿತ್ರಾಗೆ ವೀಸಾ ಸಿಗುವ ಹೊತ್ತಿಗೆ ಚಳಿಗಾಲ. ಮೈಸೂರು ಬಿಟ್ಟರೆ ಬೆಂಗಳೂರು ಕಂಡಿದ್ದ ಹುಡುಗಿ, ಒಬ್ಬಳೇ ಬೊಂಬಾಯಿಯಿಂದ ರೋಮ್, ರೋಮ್‌ನಿಂದ ಲಂಡನ್, ಅಲ್ಲಿ ವಿಮಾನ ಬದಲಿಸಿ ನ್ಯೂಯಾರ್ಕ್! ಗಂಡನಾದವನು, ಅದರಲ್ಲೂ ಇಂಜಿನಿಯರ್ ಗಂಡ, ಸುಮ್ಮನೆ ಕೂರಬಹುದೇ? ನ್ಯೂಯಾರ್ಕ್ ಪಕ್ಕದ ಹೋಬೋಕನ್‌ನ ಬಾಡಿಗೆ ಕೋಣೆಯಲ್ಲಿ ಅಟ್ಲಾಸ್ ಹರಡಿಕೊಂಡು ಸ್ಕೇಲು ಹಿಡಿದೆ.

ರೋಮ್‌ನಿಂದ ಲಂಡನ್‌ಗೆ ಹೆಚ್ಚುಕಡಿಮೆ ಸಾವಿರದ ನಾನೂರು ಕಿಲೋಮೀಟರ್. ಎಂಥ ಜೆಟ್ ವಿಮಾನಕ್ಕೂ ಎರಡೂವರೆ ಗಂಟೆ ಬೇಕು. ವೇಳಾಪಟ್ಟಿಯಲ್ಲೋ, ಹತ್ತಕ್ಕೆ ರೋಮ್ ಬಿಟ್ಟು ಹನ್ನೊಂದೂವರೆಗೆ ಲಂಡನ್ ತಲುಪುತ್ತದೆ ಎಂದಿತ್ತು!

"ಅಚ್ಚಿನ ತಪ್ಪು" ಎಂದು ಘೋಷಿಸಿದೆ. "ಅವಳು ಲಂಡನ್ ಮುಟ್ಟೋದೇ ಹನ್ನೆರಡೂವರೆಗೆ. ಒಂದಕ್ಕೆ ಮುಂದಿನ ವಿಮಾನ. ಅರ್ಧ ಗಂಟೇಲಿ ವಿಮಾನ ಬದಲಿಸೋಕಾಗಲ್ಲ, ತಪ್ಪಿಹೋಗುತ್ತೆ. ನಾಳೆ ಬರ್ತಾಳೆ."

ಏರ್‌ಪೋರ್ಟಿಗೆ ಕಾರು ತರಲು ಒಪ್ಪಿದ್ದ ಧಾರವಾಡದ ಗೆಳೆಯ ಗುರುಪಾದ ತಲೆ ಕೆರೆದುಕೊಂಡ. "ಒಮ್ಮೆ ಹೋಗಿ ನೋಡೂಣಲೇ. ಬಂದುಬಿಟ್ಟಿದ್ರ?"

"ಗಣಿತದಲ್ಲಿ 'ಬಂದುಬಿಟ್ಟಿದ್ರೆ' ಅನ್ನೋದಿಲ್ಲ ಮಾರಾಯ!"

ಗುರುಪಾದ ಕಾರಿನೊಂದಿಗೆ ಫಿಲಡೆಲ್ಫಿಯಾಕ್ಕೆ ಹೊರಟುಹೋದ. ನಾನು ಮಾತ್ರ ಊಟವನ್ನೂ ಮಾಡದೆ, ಲಂಡನ್‌ನಲ್ಲಿ ಅಳುತ್ತ ಕೂತಿರುವ ಸುಮಿತ್ರಾಳನ್ನು ನೆನೆದು ಮರುಗಿದೆ. ಅಷ್ಟರಲ್ಲಿ ಫೋನ್.

"ರೀ, ನಾನು ಬಂದೆ."

ಪಾಪ, ಲಂಡನ್‌ನಿಂದ ಮಾಡುತ್ತಿದ್ದಾಳೆ! "ಹೆದರಬೇಡ ಸುಮಿ. ನೀನಿರೋದು ಲಂಡನ್. ವಿಮಾನ ತಪ್ಪಿದೆ, ಅಷ್ಟೆ."

"ಇಲ್ಲಾರೀ, ನ್ಯೂಯಾರ್ಕು."

"ಸಾಧ್ಯವೇ ಇಲ್ಲ! ನಾನು ಲೆಕ್ಕ ಹಾಕಿದೀನಿ."

"ಹಾಗಾದ್ರೆ ವಾಪಸ್ ಹೋಗ್ಲಾ?"

ರಿಸೀವರ್ ಹಿಡಿದು ನಿಂತಲ್ಲೇ ಜ್ಞಾನೋದಯವಾಯಿತು. ಲಂಡನ್ ಗಡಿಯಾರ ರೋಮ್ ಗಡಿಯಾರಕ್ಕಿಂತ ಒಂದು ಗಂಟೆ ಹಿಂದೆ! ಅಟ್ಲಾಂಟಿಕ್ ದಾಟಿದ್ದಕ್ಕೆ ಗಡಿಯಾರದಲ್ಲಿ ಐದು ಗಂಟೆ ಕಳೆಯಲು ಮರೆಯದ ಈ ಮಹಾಶಯ, ಯೂರೋಪಿಗೆಲ್ಲ ಒಂದೇ ಗಡಿಯಾರವೆಂದು ತಿಳಿದಿದ್ದ.

"ಅಲ್ಲೇ ಇರು!" ಎಂದು ಓಡಿದೆ. ಒಂದು ರೈಲು ಹತ್ತಿದೆ, ಇನ್ನೊಂದಕ್ಕೆ ಬದಲಾಯಿಸಿದೆ. ಅದು ಉಲ್ಟಾ ದಿಕ್ಕಿನದು! ಇಳಿದು ಮತ್ತೆ ಹತ್ತಿ, ಕೊನೆಗೆ ಬಸ್ಸು ಹಿಡಿದು ಏರ್‌ಪೋರ್ಟ್ ಸೇರಿದೆ.

ರೇಷ್ಮೆ ಸೀರೆ, ತೆಳು ಸ್ವೆಟರ್‌ನಲ್ಲಿ ಸೂಟ್‌ಕೇಸಿನ ಮೇಲೆ ಕೂತಿದ್ದಳು. ಅವಳಿಗೆಂದೇ ಕೊಂಡಿದ್ದ ದಪ್ಪ ಕೋಟು ಎಲ್ಲಿ? ಮನೆಯ ಹ್ಯಾಂಗರಿನಲ್ಲಿ! ನನ್ನದನ್ನೇ ಬಿಚ್ಚಿ ಹೊದಿಸಿದೆ. ತೋಳುಗಳೊಳಗೆ ಅವಳ ಕೈಗಳು ಕಾಣೆಯಾದವು.

"ಬರೋದೇ ಇಲ್ವೇನೋ ಅಂದ್ಕೊಂಡಿದ್ದೆ" ಎಂದಳು. ಕಣ್ಣು ತುಂಬಿತ್ತು. ನಾನು ದಾರಿಯುದ್ದಕ್ಕೂ ಸಿದ್ಧಪಡಿಸಿದ್ದ ಗಂಭೀರ ಕ್ಷಮಾಪಣೆ ಹಲ್ಲು ಕಟಕಟಿಸುವುದರಲ್ಲೇ ಮುಗಿಯಿತು. ಅದನ್ನು ನೋಡಿ ಅವಳಿಗೆ ನಗು ಬಂತು. ನಿಜ ಹೇಳಬೇಕೆಂದರೆ, ನನ್ನ ಹೆಂಡತಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಟ್ಯಾಕ್ಸಿ ನದಿಯ ಮೇಲಿನ ದೊಡ್ಡ ಸೇತುವೆ ಏರಿತು. ಸುಮಿತ್ರಾ ಕೆಳಗಿನ ನೀರು ನೋಡಿ ನನ್ನ ತೋಳು ಬಿಗಿಯಾಗಿ ಹಿಡಿದಳು.

"ರೀ, ಈ ಸೇತುವೆಗೆ ಲೆಕ್ಕ ಹಾಕಿದ್ದು ನೀವಾ?"

"ಅಲ್ಲಮ್ಮ. ಇದು ನಾನು ಹುಟ್ಟೋಕ್ಕೆ ಮುಂಚೆ ಕಟ್ಟಿದ್ದು."

"ಸದ್ಯ!" ಎಂದವಳೇ ನನ್ನ ಭುಜಕ್ಕೊರಗಿ ನಿಶ್ಚಿಂತೆಯಿಂದ ನಿದ್ದೆಹೋದಳು.