ಕೌದಿ ಹೊದ್ದ ಟಿವಿ

ಕೌದಿ ಹೊದ್ದು ಮಲಗುವ ಟಿವಿ ಜಗತ್ತಿನಲ್ಲಿ ಎಷ್ಟಿವೆಯೋ ನನಗೆ ಗೊತ್ತಿಲ್ಲ. ಶಿಗ್ಗಾಂವ ತಾಲೂಕಿನಲ್ಲಿ ಒಂದಿದೆ. ಅದು ನನ್ನ ಸೋದರಮಾವನ ಪ್ರತಾಪ!

ಮಾಮಾ ದುಂಡಸಿಯ ಆಚೆಗಿನ ಒಂದು ಸಣ್ಣ ಹಳ್ಳಿಯಲ್ಲಿ ಹೈಸ್ಕೂಲ್ ಹೆಡ್‌ಮಾಸ್ತರು. ಯಾರೋ ಪುಣ್ಯಾತ್ಮರು ದಾನ ಕೊಟ್ಟ ದೊಡ್ಡ ಸ್ಮಾರ್ಟ್ ಟಿವಿ ಹತ್ತನೇ ಇಯತ್ತೆಯ ಗೋಡೆಗೆ ಬಂದ ದಿನವೇ ಅತ್ತೆಯ ಹೊಸ ಕೌದಿ ಮನೆಯಿಂದ ಕಾಣೆಯಾಯಿತು.

"ಧೂಳ ಕುಂತರ ಅದರ ಕಣ್ಣು ಹೋಗ್ತಾವ," ಎಂದರು ಮಾಮಾ.

"ನನ್ನ ಕಣ್ಣಿಗೆ ಒಲಿ ಹೊಗಿ ಹೊಡದು ಮೂವತ್ತು ವರ್ಷ ಆತು. ಅದಕ್ಕೇನ್ ಹೊದಸ್ತೀರಿ?" ಎಂದರು ಅತ್ತೆ.



ಟಿವಿಯ ಮುಂದೆ ಮಕ್ಕಳು ಚಪ್ಪಲಿ ಬಿಡಬೇಕು. ರಿಮೋಟ್ ಮುಟ್ಟುವ ಮೊದಲು ಕೈ ತೊಳೆಯಬೇಕು. ಪರದೆಯ ಮೇಲೆ ಆ ಗುಂಡನೆಯ ಚಕ್ರ ಸುತ್ತತೊಡಗಿದರೆ ನಾವು ನೀವು ಬೈಯುತ್ತೇವೆ, ಅಲ್ಲವೇ? ಮಾಮಾ ಕೈ ಕಟ್ಟಿಕೊಂಡು, "ಸಾವಕಾಶ ಬರ್ರಿ, ಗಡಿಬಿಡಿ ಏನಿಲ್ಲ," ಎನ್ನುತ್ತಾರೆ. ಟಿವಿಗೂ ಬಹುವಚನವೇ ಎಂದು ಕೇಳಿದ್ದಕ್ಕೆ, "ವಿದ್ಯಾ ಹೇಳೋರಿಗೆ ಯಾರರ ಏಕವಚನ ಹಚ್ತಾರೇನ ತಂಗಿ?" ಎಂದು ನನಗೇ ಏಕವಚನದಲ್ಲಿ ಪಾಠ ಹೇಳಿದರು.

ಜೂನ್‌ನಲ್ಲಿ ಅವರ ಶಾಲೆಯ ಗಣಿತದ ಮಾಸ್ತರರಿಗೆ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ಶಿಗ್ಗಾಂವದ ಕಾಲೇಜೊಂದರಲ್ಲಿ ಗಣಿತದ ಅತಿಥಿ ಉಪನ್ಯಾಸಕಿಯಾಗಿರುವ ನನ್ನ ಮೇಲೆ ಮಾಮಾನ ಕಣ್ಣು ಬಿತ್ತು. ಕ್ಯಾಮೆರಾ ಎದುರು ನಿಂತರೆ ನನಗೆ ನನ್ನ ಹೆಸರೇ ನೆನಪಾಗುವುದಿಲ್ಲ. ಹಾಗೆಂದು ಹೇಳಿದೆ.

"ನಿನ್ನ ಮಾರಿ ಯಾರಿಗ ಬೇಕಾಗೇತಿ? ಬರಿಯೋ ಕೈ, ಹೇಳೋ ಧ್ವನಿ, ಎರಡ ಸಾಕು."

ಇದಕ್ಕಿಂತ ಉತ್ತಮ ಷರತ್ತು ನನ್ನಂಥವಳಿಗೆ ಎಲ್ಲಿ ಸಿಗಬೇಕು! ಬಾಡಿಗೆ ಕೋಣೆಯಲ್ಲಿ ಫೋನನ್ನು ಮೇಜಿನ ಮೇಲ್ಗಡೆ ಬೋರಲಾಗಿ ತೂಗುಕಟ್ಟಿ, ಒಂದೊಂದು ಪಾಠಕ್ಕೆ ಹತ್ತು ಸಲ ಗಂಟಲು ಸರಿಮಾಡಿಕೊಂಡು, ನಾಲ್ಕು ತಿಂಗಳಲ್ಲಿ ಮೂವತ್ತೆರಡು ಪಾಠ ಮಾಡಿದೆ. ಪೆನ್‌ಡ್ರೈವ್ ಪ್ರತಿ ವಾರ ದುಂಡಸಿ ಬಸ್ಸಿನ ಕಂಡಕ್ಟರರ ಕಿಸೆಯಲ್ಲಿ ಹೋಗಿ, ಪಾಠವನ್ನು ಟಿವಿಯೊಳಗೆ ಇಳಿಸಿ, ಮರಳಿ ಬರುತ್ತಿತ್ತು. ಟಿಕೆಟ್ ಇಲ್ಲದೆ ಅಷ್ಟು ತಿರುಗಾಡಿದ ಗಣಿತ ಬೇರೊಂದಿರಲಾರದು.

ಪಾಠ ನಡೆಯುವಾಗ ಮಾಮಾ ಕೊನೆಯ ಬೆಂಚಿನಲ್ಲಿ ಕುಳಿತು ಪ್ರತಿ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದರು.

"ವಿಡಿಯೊ ಐತಲ್ರಿ ಮಾಮಾ, ಮತ್ಯಾಕ ಬರೀತೀರಿ?"

"ಕರೆಂಟ್ ನಂಬಿ ಕುಂದ್ರಾಕ ನಾ ಏನ್ ಸಣ್ಣಾವನ?"

ಮುಂದಿನ ಶಾಲೆಗಳಲ್ಲಿ ಕಾಗದವೇ ಇರುವುದಿಲ್ಲವೆಂದು ಅವರಿಗೆ ಅರ್ಧ ತಾಸು ತಿಳಿಸಿ ಹೇಳಿದೆ. ತಲೆಯಾಡಿಸುತ್ತ ಕೇಳಿದರು. ಅದನ್ನೂ ಬರೆದುಕೊಂಡರು!

ಆಗಸ್ಟ್‌ನ ಒಂದು ಮಧ್ಯಾಹ್ನ ಬುತ್ತಿ ಗಂಟು ಹಿಡಿದು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. "ಬಿಇಓ ಆಫೀಸಿನ್ಯಾಗ ಕೆಲಸಿತ್ತು, ಹಂಗ ಬಂದೆ."

"ಇವತ್ತು ಐತವಾರ ರೀ ಮಾಮಾ!"

"ಹೌದನ? ಅದಕ್ಕ ಕೀಲಿ ಹಾಕ್ಯಾರ ಮತ್ತ!"

ನಾನು ಎರಡು ರೊಟ್ಟಿ ಮುಗಿಸುವವರೆಗೆ ಕುಳಿತಿದ್ದು, ಮುಂದಿನ ಬಸ್ಸಿಗೆ ಹೋದರು. ಈ ಕಥೆಯನ್ನು ನಾನು ಸಿಕ್ಕವರಿಗೆಲ್ಲ ಹೇಳಿ ನಗಿಸಿದ್ದೇನೆ.

ಬಂತು ಖಂಡೇಪೂಜೆ. ನಮ್ಮ ಕಡೆ ಅಂದು ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಎಲ್ಲ ತೊಳೆದು ಪೂಜಿಸುತ್ತಾರೆ. ಹಿಂದಿನ ದಿನ ಮಾಮಾ ಫೋನ್ ಮಾಡಿದರು. "ಹೊರಗ ತೊಳದರ ಸಾಲದು, ಒಳಗೂ ಸ್ವಚ್ಛ ಆಗಬೇಕು. ನಿನ್ನ ಪೆನ್‌ಡ್ರೈವ್ ಸೈತ ಪೂಜಿಗೆ ತಗೊಂಡ ಬಾ!"

ಅದನ್ನೂ ಒಳಗೆ ಸ್ವಚ್ಛ ಮಾಡಬೇಕೆಂದು ತಿಳಿದು, ವಿಧೇಯಳಾಗಿ ಪೆನ್‌ಡ್ರೈವ್ ಖಾಲಿ ಮಾಡಿದೆ. ಪಾಠಗಳು ಹೇಗೂ ಟಿವಿಯಲ್ಲಿವೆಯಲ್ಲ! ಅದೇ ಹೊತ್ತಿಗೆ ಅಲ್ಲಿ ಮಾಮಾ ಟಿವಿಯ ಹೊಟ್ಟೆ ಖಾಲಿ ಮಾಡುತ್ತಿದ್ದರು. ಪಾಠಗಳು ಹೇಗೂ ಹುಡುಗಿಯ ಪೆನ್‌ಡ್ರೈವಿನಲ್ಲಿವೆಯಲ್ಲ!

ಮರುದಿನ ಕಾಯಿ ಒಡೆದು, ಕುಂಕುಮ ಹಚ್ಚಿ, ರಜೆಯಲ್ಲೂ ಪೂಜೆಗೆ ಬಂದ ಮಕ್ಕಳೆದುರು ಟಿವಿ ಹಚ್ಚಿದೆವು. ಏನೂ ಇಲ್ಲ. ಪೆನ್‌ಡ್ರೈವ್ ಚುಚ್ಚಿದೆವು. ಏನೂ ಇಲ್ಲ. ನಾನು ಮಾಮಾನನ್ನು ನೋಡಿದೆ, ಮಾಮಾ ನನ್ನನ್ನು ನೋಡಿದರು. ಫೋನಿನಲ್ಲಿ ಜಾಗವಿಲ್ಲವೆಂದು ಅಲ್ಲಿಯ ಪ್ರತಿಗಳನ್ನು ನಾನು ಯಾವಾಗಲೋ ಅಳಿಸಿದ್ದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಟೀಚರ್, ಇನ್ನ ನಮಗ ಗಣಿತ ಯಾರ ಹೇಳ್ತಾರ್ರೀ?"

ಆಗ ನಗು ಬರಲಿಲ್ಲ. ಶಾಲೆ ತೆರೆಯಲು ಹತ್ತೇ ದಿನವಿತ್ತು. ಶಿಗ್ಗಾಂವದ ಮೊಬೈಲ್ ಅಂಗಡಿಯವನು ಪೆನ್‌ಡ್ರೈವನ್ನು ಹಿಂದೆ ಮುಂದೆ ಪರೀಕ್ಷಿಸಿ, "ಪೂಜಿ ಭಾಳ ಚಲೋ ಮಾಡೀರಿ ಅಕ್ಕಾರ, ಒಳಗ ಏನೂ ಉಳಿದಿಲ್ಲ," ಎಂದ. ನಾಲ್ಕು ತಿಂಗಳ ಗಂಟಲನ್ನು ಹತ್ತು ದಿನದಲ್ಲಿ ಎಲ್ಲಿಂದ ತರಲಿ?

ಮರುದಿನ ಬೆಳಿಗ್ಗೆ ಮತ್ತೆ ಶಾಲೆಗೆ ಹೋಗಿ ಇದನ್ನು ತಿಳಿಸಿದಾಗ ಮಾಮಾ ಕಪಾಟು ತೆಗೆದರು. ಹನ್ನೊಂದು ನೋಟ್‌ಬುಕ್ಕು! ನಾನು ಹೇಳಿದ ಪ್ರತಿಯೊಂದು ಮಾತು, ಹಾಕಿದ ಪ್ರತಿಯೊಂದು ಗೆರೆ ಅಲ್ಲಿತ್ತು. 'ಇಲ್ಲಿ ಕೆಮ್ಮು.' 'ಇಲ್ಲಿ ಹೊರಗೆ ನಾಯಿ ಬೊಗಳಿತು.' ನಾಯಿಯನ್ನೂ ಬಿಟ್ಟಿರಲಿಲ್ಲ! ಅಂಚಿನಲ್ಲಿ ಕೆಂಪು ಶಾಯಿ: 'ಹಿಂದಿನ ಬೆಂಚಿಗೆ ತಿಳಿಯಲಿಲ್ಲ, ಇನ್ನೊಮ್ಮೆ ಹೇಳಬೇಕು.' ಅಲ್ಲೇ ನೆಲಕ್ಕೆ ಕುಳಿತುಬಿಟ್ಟೆ. ಅಷ್ಟು ಹಗುರಾಗಿ ನಾನು ಯಾವ ಕುರ್ಚಿಯಲ್ಲೂ ಕುಳಿತಿಲ್ಲ.

"ಕಾಗದಾನ ಇರೂದಿಲ್ಲ ಅಂದಿದ್ದೆಲ್ಲ?" ಎಂದರು ಮಾಮಾ. "ಅದೂ ನಾಕನೇ ನೋಟ್‌ಬುಕ್ಕಿನ್ಯಾಗ ಐತಿ ನೋಡು."

ನೋಟ್‌ಬುಕ್ಕುಗಳನ್ನು ಕೋಣೆಗೆ ಹೊತ್ತು ತಂದು ಒಂಬತ್ತು ದಿನ ನನ್ನ ಮಾತನ್ನೇ ಅವರ ಅಕ್ಷರದಲ್ಲಿ ಓದುತ್ತ ಮತ್ತೆ ಪಾಠ ಮಾಡಿದೆ. ಕೆಂಪು ಶಾಯಿ ಇದ್ದಲ್ಲೆಲ್ಲ ನಿಂತು ಇನ್ನೊಮ್ಮೆ ಹೇಳಿದೆ. ಪಾಠಗಳು ಮೊದಲಿಗಿಂತ ಚೆನ್ನಾಗಿ ಬಂದವು. ಶಾಲೆ ತೆರೆದ ದಿನ ಟಿವಿಯಿಂದ ಕೌದಿ ಸರಿಸಿ ಪಾಠ ಹಚ್ಚಿದಾಗ ಹಿಂದಿನ ಬೆಂಚು ತಲೆಯಾಡಿಸಿತಂತೆ. ಈಗ ಮೂರು ಕಡೆ ಪ್ರತಿ ಇದೆ. ಪೂಜೆಯ ಹಿಂದಿನ ದಿನ ಮಾಮಾನ ಫೋನ್ ಎತ್ತುವುದಿಲ್ಲವೆಂದೂ ತೀರ್ಮಾನಿಸಿದ್ದೇನೆ.

ಹತ್ತೊಂಬತ್ತನೇ ಪಾಠ ಮಾತ್ರ ತಡವಾಯಿತು. ಅಂಚಿನ ಕೆಂಪು ಶಾಯಿಯನ್ನು ಓದಿ ರೆಕಾರ್ಡಿಂಗ್ ನಿಲ್ಲಿಸಬೇಕಾಯಿತು. ಅಲ್ಲಿ ಗಣಿತವಿರಲಿಲ್ಲ. 'ಧ್ವನಿ ಸಣ್ಣದಾಗಿದೆ. ಹುಡುಗಿಗೆ ಆರಾಮಿಲ್ಲ. ಐತವಾರ ರೊಟ್ಟಿ ಒಯ್ಯಬೇಕು.'

ಆ ವಾರ ನನಗೆ ಜ್ವರ ಬಂದಿತ್ತು. ನಾನು ಯಾರಿಗೂ ಹೇಳಿರಲಿಲ್ಲ.